ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ

ಪತ್ರದ ಸಾರ: ನಾನು ಕೊಳ್ಳೇಗಾಲ ಕಡೆಯ ಹಳ್ಳಿ ರೂಟಿನ ಬಸ್ ಕಂಡಕ್ಟರ್. ಹೆಸರು ಹಾಕಬೇಡಿ. ದಿನಾ ನೂರಾರು ಜನರನ್ನು ನೋಡುತ್ತೇನೆ. ಬಸ್ಸಿನ ನಡುವೆ ಜಾಗ ಖಾಲಿ ಇದ್ದರೂ ಎಲ್ಲರೂ ಬಾಗಿಲ ಹತ್ತಿರವೇ ನಿಲ್ಲುತ್ತಾರೆ. ಹತ್ತುವ ತನಕ 'ಸ್ವಲ್ಪ ಜಾಗ ಬಿಡಿ' ಎನ್ನುವವರೇ ಹತ್ತಿದ ಮೇಲೆ 'ಇನ್ನು ಜಾಗ ಇಲ್ಲ, ರೈಟ್ ಹೇಳಿ' ಎನ್ನುತ್ತಾರೆ. ಚಿಲ್ಲರೆ ಕೇಳಿದಾಗ ಮೊದಲ ಇಬ್ಬರು ಇಲ್ಲ ಎಂದರೆ ಬಸ್ಸಿಗೆ ಬಸ್ಸೇ ಇಲ್ಲ ಎನ್ನುತ್ತದೆ. ಪಟ್ಟಣ ಮುಟ್ಟುವ ಮುಂಚಿನ ಕೊನೆಯ ಸ್ಟಾಪಿನ ಊರವರು ಮಾತ್ರ ಟಿಕೆಟ್ ತಪ್ಪಿಸಲು ನೋಡುತ್ತಾರೆ. ಅಮಾವಾಸ್ಯೆ ದಿನ ನನ್ನ ಬಸ್ಸು ಕೆಡುವುದು ಹೆಚ್ಚು. ಇದನ್ನೆಲ್ಲ ಹೇಳಿದರೆ ಜೊತೆಯವರು 'ನಮ್ ಜನಾನೇ ಹಿಂಗೆ ಕಣಣ್ಣ, ತಲೆ ಕೆಡಿಸ್ಕೋಬೇಡ' ಎನ್ನುತ್ತಾರೆ. ನಾನು ಕಾಣುತ್ತಿರುವುದು ನಿಜವೋ, ನನ್ನ ಭ್ರಮೆಯೋ? ನಿಜವಾದರೆ ಯಾಕೆ ಹೀಗೆ? ಇದನ್ನೆಲ್ಲ ತಿಳಿಯಲು ದೊಡ್ಡ ಓದು ಬೇಕೇ?

ಸಂಪಾದಕರ ಉತ್ತರ:

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರಕ್ಕೆ ಎರಡು ಸಾಲಿನ ಉತ್ತರ ಸಾಲದು. ಡ್ರೈವರ್ ರಸ್ತೆ ನೋಡುತ್ತಾರೆ, ಪ್ರಯಾಣಿಕರು ಕಿಟಕಿಯಾಚೆ ನೋಡುತ್ತಾರೆ, ಇಲ್ಲವೇ ಮೊಬೈಲು ನೋಡುತ್ತಾರೆ. ಇಡೀ ಬಸ್ಸಿನಲ್ಲಿ ಜನರನ್ನು ನೋಡುವುದೇ ಕೆಲಸವಾಗಿರುವುದು ನಿಮ್ಮೊಬ್ಬರಿಗೆ. ಹಾಗೆ ನೋಡಿದ್ದನ್ನು ನೆನಪಿಟ್ಟು, 'ಯಾಕೆ' ಎಂದು ಕೇಳಿಕೊಂಡು, ಡ್ಯೂಟಿ ಮುಗಿದ ಮೇಲೆ ಕೂತು ಬರೆದಿದ್ದೀರಿ. ಇದನ್ನು ಭ್ರಮೆ ಎಂದು ತಳ್ಳಿಹಾಕಲು ನನ್ನಿಂದಾಗದು. ಆದರೆ ನೀವು ಬರೆದ ಐದು ಸಂಗತಿಗಳೂ ಒಂದೇ ತೂಕದವಲ್ಲ. ಕೆಲವು ಗಟ್ಟಿಯಾಗಿವೆ. ಒಂದನ್ನು ಇನ್ನೂ ಎಣಿಸಿ ನೋಡಬೇಕು. ಒಂದನ್ನಂತೂ ನೀವು ಕೈಬಿಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಮೊದಲು ನಿಮ್ಮ ಜೊತೆಯವರ ಮಾತು. 'ನಮ್ ಜನಾನೇ ಹಿಂಗೆ' ಎಂಬುದು ಉತ್ತರದ ಹಾಗೆ ಕೇಳಿಸುತ್ತದೆ, ಆದರೆ ಏನನ್ನೂ ವಿವರಿಸುವುದಿಲ್ಲ. ಜನ ನೂಕುತ್ತಾರೆ, ಯಾಕೆಂದರೆ ಅವರು ನೂಕುವ ಜನ: ಇಷ್ಟೇ ಅದರ ಅರ್ಥ. ಯಾರಾದರೂ ಹೀಗೆಂದಾಗ ನನಗೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದ ಒಂದು ಪ್ರಯೋಗ ನೆನಪಾಗುತ್ತದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಅದನ್ನು ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಲು ಹೇಳಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲಿನ ಕಥೆ: ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಧರ್ಮದ ದೊಡ್ಡವರೇ ಕಂಡೂ ಕಾಣದಂತೆ ದಾಟಿಹೋದಾಗ, ಸಮಾರ್ಯವೆಂಬ ಬೇರೆ ಸೀಮೆಯವನೊಬ್ಬ ನಿಂತು ಆರೈಕೆ ಮಾಡಿದ್ದು. ವಿದ್ಯಾರ್ಥಿಗಳು ಹೋಗುವ ದಾರಿಯಲ್ಲಿ ಒಬ್ಬಾತ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುವಂತೆ ಏರ್ಪಾಟಾಗಿತ್ತು. ಕೆಲವರಿಗೆ 'ಇನ್ನೂ ಸಮಯವಿದೆ' ಎಂದು ಹೇಳಿ ಕಳುಹಿಸಿದ್ದರು, ಕೆಲವರಿಗೆ 'ಈಗ ಹೊರಟರೆ ಸರಿಹೋಗುತ್ತೆ' ಎಂದು, ಉಳಿದವರಿಗೆ 'ಆಗಲೇ ತಡವಾಗಿದೆ, ಬೇಗ ಓಡಿ' ಎಂದು. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು. ನಡುವಿನವರಲ್ಲಿ 45. ತಡವಾಗಿದೆ ಎಂದುಕೊಂಡವರಲ್ಲಿ ಬರೀ 10. ಬಿದ್ದವನನ್ನು ಎತ್ತಿದ ಕಥೆಯನ್ನೇ ಹೇಳಲು ಹೊರಟವರೂ ಅವಸರದಲ್ಲಿ ಬಿದ್ದವನನ್ನು ದಾಟಿ ಹೋದರು. ಲೆಕ್ಕಕ್ಕೆ ಸಿಕ್ಕವರು ನಲವತ್ತೇ ಜನ, ಆದ್ದರಿಂದ ಇದರಿಂದ ಮನುಷ್ಯಕುಲವನ್ನೇ ಅಳೆಯಬಾರದು. ಆದರೂ ಪ್ರಶ್ನೆ ಕೇಳುವ ದಿಕ್ಕನ್ನು ಅದು ಬದಲಿಸುತ್ತದೆ. ಇವರು ಎಂಥ ಜನ ಎಂದು ಕೇಳುವ ಮುಂಚೆ, ಇವರಿಗೆ ಆ ಹೊತ್ತಿನಲ್ಲಿ ಎಷ್ಟು ಅವಸರವಿತ್ತು ಎಂದು ಕೇಳಬೇಕು.

ನಮ್ಮಲ್ಲೇ ನೋಡಲು ಬೆಂಗಳೂರಿನ ಮೆಜೆಸ್ಟಿಕ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೇಲೆ ಕೆಂಪೇಗೌಡ ಬಸ್ ನಿಲ್ದಾಣ, ಪಕ್ಕದಲ್ಲಿ ನೆಲದಡಿ ಮೆಟ್ರೋ. ಸಂಜೆ ಮೇಲೆ ಬಸ್ಸಿನ ಬಾಗಿಲಲ್ಲಿ ಮೊಣಕೈ ಆಡಿಸುವ ಅದೇ ಜನ, ಮೆಟ್ಟಿಲಿಳಿದು ಕೆಳಗೆ ಹೋದರೆ ಹಳದಿ ಗೆರೆಯ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಮೆಟ್ಟಿಲಿಳಿಯುವಷ್ಟರಲ್ಲಿ ಯಾರ ಗುಣವೂ ಬದಲಾಗುವುದಿಲ್ಲ. ಬದಲಾಗಿದ್ದು ಇವು: ಮುಂದಿನ ರೈಲು ಎಷ್ಟು ನಿಮಿಷಕ್ಕೆ ಬರುತ್ತದೆಂದು ಬೋರ್ಡಿನಲ್ಲಿ ಬರೆದಿದೆ, ಅದು ಬಂದೇ ಬರುತ್ತದೆ, ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆ ಎಂಬುದಕ್ಕೆ ನೆಲದ ಮೇಲೆ ಗುರುತಿದೆ. ಬಸ್ಸು ಎಲ್ಲಿ ನಿಲ್ಲುತ್ತದೋ, ಇದು ಹೋದರೆ ಇನ್ನೊಂದು ಯಾವಾಗಲೋ ಗೊತ್ತಿಲ್ಲದವನು ನೂಕುತ್ತಾನೆ. ಹಾಗೆಂದು ಮೆಟ್ರೋದಲ್ಲಿ ನೂಕಾಟವೇ ಇಲ್ಲವೆಂದಲ್ಲ. ಬೆಳಗ್ಗೆ ಆಫೀಸಿನ ಹೊತ್ತಿನಲ್ಲಿ ಜಾಗ ಕಮ್ಮಿಯಾದಾಗ ಆ ಸಾಲುಗಳೂ ಚೆದುರುತ್ತವೆ. ಅದೂ ಇದೇ ಮಾತನ್ನು ಗಟ್ಟಿ ಮಾಡುತ್ತದೆ: ಜಾಗ ಸಿಗುತ್ತದೆಂಬ ಭರವಸೆ ಕರಗಿದ ಕಡೆಯೆಲ್ಲ ನೂಕಾಟ ಹುಟ್ಟುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಬಾಗಿಲಿಗೆ ಬರೋಣ. ನಡುವೆ ಜಾಗವಿದ್ದರೂ ಜನ ಬಾಗಿಲಲ್ಲೇ ಯಾಕೆ ನಿಲ್ಲುತ್ತಾರೆ? ಅರ್ಥಶಾಸ್ತ್ರಕ್ಕೆ 2005ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಥಾಮಸ್ ಶೆಲ್ಲಿಂಗ್ ಇಂಥದ್ದೇ ಒಂದು ದೃಶ್ಯವನ್ನು ಗಮನಿಸಿದ್ದರು. ಭಾಷಣಕ್ಕೆಂದು ವೇದಿಕೆ ಹತ್ತಿದಾಗ ಸಭಾಂಗಣದ ಮುಂದಿನ ಹನ್ನೆರಡು ಸಾಲು ಪೂರ್ತಿ ಖಾಲಿ, ಹದಿಮೂರನೆಯ ಸಾಲಿನಿಂದ ಹಿಂದಕ್ಕೆ ಕಿಕ್ಕಿರಿದ ಜನ. ಯಾರೂ ಅವರನ್ನು ಅಲ್ಲಿ ಕೂರಿಸಿರಲಿಲ್ಲ. ಇವರೆಲ್ಲ ಹಿಂದೆಯೇ ಕೂರಬೇಕೆಂದು ಬಯಸಿದವರೋ? ತೀರಾ ಮುಂದೆ ಕೂರಬಾರದು ಎಂದಷ್ಟೇ ಅಂದುಕೊಂಡವರೋ? ಮೊದಲು ಬಂದವರು ಎಲ್ಲೋ ಕೂತರು, ಆಮೇಲೆ ಬಂದವರು ಅವರಿಗಿಂತ ಮುಂದೆ ಹೋಗದೆ ಹಿಂದೆ ಕೂತರು, ಹಾಗೆ ಆಯಿತೋ? ಒಬ್ಬೊಬ್ಬರ ಬಯಕೆ ತೀರಾ ಚಿಕ್ಕದಿದ್ದರೂ ಎಲ್ಲ ಸೇರಿದಾಗ ಯಾರೂ ಬಯಸದ ಒಂದು ಚಿತ್ರ ಮೂಡಬಹುದು ಎಂಬುದು ಶೆಲ್ಲಿಂಗ್ ಹೇಳಿದ ಮಾತು.

ನಿಮ್ಮ ಬಸ್ಸಿನಲ್ಲೂ ಬಾಗಿಲು ಕಟ್ಟಿ ನಿಲ್ಲಬೇಕೆಂದು ಬಂದವರು ಯಾರೂ ಇರಲಾರರು. ಒಳಗೆ ಹೋದರೆ ನನ್ನ ಸ್ಟಾಪಿನಲ್ಲಿ ಇಳಿಯಲು ಆಗದೇ ಹೋದರೆ ಎಂಬ ಸಣ್ಣ ಅಂಜಿಕೆ ಒಬ್ಬೊಬ್ಬರಲ್ಲೂ ಇದೆ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಅಜ್ಜಿಗೆ, ಮಗು ಎತ್ತಿಕೊಂಡ ತಾಯಿಗೆ ಅದು ಸಣ್ಣದೂ ಅಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ರೈಟ್ ಹೇಳಿ ಬಸ್ಸು ಹೊರಟು, ಮುಂದಿನ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ವಾಪಸ್ ಬಂದವರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಅಂಥವರೊಬ್ಬರು ಬಾಗಿಲಲ್ಲಿ ನಿಂತರೆ ಹಿಂದಿನವರು ಒಳಗೆ ನುಗ್ಗಲಾರರು, ಅವರೂ ಅಲ್ಲೇ ನಿಲ್ಲುತ್ತಾರೆ. ಹಾಗೆ ಬಾಗಿಲು ಕಟ್ಟಿಕೊಂಡದ್ದರಿಂದಲೇ ಇಳಿಯುವುದು ಇನ್ನೂ ಕಷ್ಟವಾಗುತ್ತದೆ, ಮರುದಿನ ಅಂಜಿಕೆ ಇನ್ನಷ್ಟು ಬಲಿಯುತ್ತದೆ. 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ನೀವು ಎಷ್ಟು ಕೂಗಿದರೂ ಈ ಅಂಜಿಕೆಗೆ ಅದು ಉತ್ತರವಲ್ಲ.

ಹತ್ತಿದ ಮೇಲೆ 'ಜಾಗ ಇಲ್ಲ' ಎನ್ನುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗೆ ನಿಂತಾಗ ಕಾಣುವ ಬಸ್ಸೇ ಬೇರೆ, ಒಳಗೆ ನಿಂತಾಗ ಕಾಣುವ ಬಸ್ಸೇ ಬೇರೆ. ಕೆಳಗಿದ್ದವನಿಗೆ ಒಬ್ಬನ ಜಾಗ ಸಾಕು. ಒಳಗಿದ್ದವನಿಗೆ ಬೆನ್ನಿಗೆ ಒತ್ತುವ ಪ್ರತಿಯೊಬ್ಬನೂ ಲೆಕ್ಕ.

ಚಿಲ್ಲರೆಯ ವಿಷಯದಲ್ಲಿ ನೀವು ಗಮನಿಸಿದ್ದು ಬಹಳ ಸೂಕ್ಷ್ಮ. ಮೊದಲ ಇಬ್ಬರು ಇಲ್ಲ ಎಂದರೆ ಎಲ್ಲರೂ ಇಲ್ಲ, ಮೊದಲಿನವರು ಕೊಟ್ಟರೆ ಉಳಿದವರ ಕೈಯೂ ಜೇಬಿಗೆ ಹೋಗುತ್ತದೆ. ಆದರೆ ಇದನ್ನು ಪ್ರಯಾಣಿಕರ ಕಡೆಯಿಂದಲೂ ನೋಡಿ. ಬಾಕಿ ಹಣವನ್ನು ಟಿಕೆಟ್ ಹಿಂದೆ ಬರೆಸಿಕೊಂಡು, ಇಳಿಯುವ ಗಡಿಬಿಡಿಯಲ್ಲಿ ಮರೆತು ಹೋದವರು ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಇರಬಹುದು? ಐದು ರೂಪಾಯಿಯ ನಾಣ್ಯ ಅವರಿಗೆ ಮುಂದಿನ ಬಸ್ಸಿನಲ್ಲಿ ಜಗಳವಿಲ್ಲದೆ ಹೋಗಲು ಸಿಕ್ಕ ರಹದಾರಿ. ಪಕ್ಕದವನು ಇಲ್ಲ ಎಂದಾಗ, ಚಿಲ್ಲರೆ ಇಂದು ನಿಜಕ್ಕೂ ಅಭಾವ ಎಂಬ ಸುದ್ದಿ ಅವರಿಗೆ ಸಿಗುತ್ತದೆ, ಕೈ ಬಿಗಿಯಾಗುತ್ತದೆ. ಅವರು ಇನ್ನೊಬ್ಬರನ್ನು ಕುರುಡಾಗಿ ಅನುಸರಿಸುತ್ತಿಲ್ಲ, ಇನ್ನೊಬ್ಬರ ಮಾತಿನಿಂದ ಪರಿಸ್ಥಿತಿಯನ್ನು ಅಂದಾಜು ಮಾಡುತ್ತಿದ್ದಾರೆ. ಮೊಬೈಲಿನಲ್ಲೇ ಹಣ ಕೊಡುವ ಬಸ್ಸುಗಳಲ್ಲಿ ಈ ವರ್ತನೆ ಏನಾಗಿದೆ ಎಂದು ಗಮನಿಸಿ. ಅಲ್ಲಿ ಅದು ಮಾಯವಾಗಿದ್ದರೆ, ಅದು ಜನರ ಜಿಪುಣತನವಂತೂ ಆಗಿರಲಿಲ್ಲ.

ಈಗ ಆ ಕೊನೆಯ ಸ್ಟಾಪಿನ ಊರು. ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪುವುದಿಲ್ಲ.

ಅವರು ಹತ್ತುವಾಗ ನಿಮ್ಮ ಬಸ್ಸು ಆಗಲೇ ತುಂಬಿರುತ್ತದೆ. ಪಟ್ಟಣ ಹತ್ತಿರದಲ್ಲೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುವುದೂ ನಿಮ್ಮದೇ ಕೆಲಸ. ಬಸ್ಸಿನ ಆ ತುದಿಯಿಂದ ಈ ತುದಿಗೆ ನೀವು ಬರುವಷ್ಟರಲ್ಲಿ ಪಟ್ಟಣದ ನಿಲ್ದಾಣ ಬಂದಿರುತ್ತದೆ. ಆ ಸ್ಟಾಪಿನಲ್ಲಿ ಯಾವ ಊರಿನವರು ಹತ್ತಿದ್ದರೂ ಟಿಕೆಟ್ ಇಲ್ಲದೆ ಇಳಿಯುವವರ ಸಂಖ್ಯೆ ಹೆಚ್ಚೇ ಇರುತ್ತಿತ್ತು. ನಿಮಗೊಂದು ಪರೀಕ್ಷೆ ಹೇಳುತ್ತೇನೆ. ಸಂಜೆ ಅದೇ ಊರವರು ಪಟ್ಟಣದಿಂದ ವಾಪಸ್ ಹೋಗುವಾಗ, ಬಸ್ಸು ಹೊರಡುವ ಮುಂಚೆ ನಿಂತಲ್ಲೇ ಟಿಕೆಟ್ ಕೊಡುತ್ತೀರಲ್ಲ, ಆಗ ಅವರು ತಪ್ಪಿಸುತ್ತಾರೆಯೇ? ತಪ್ಪಿಸದಿದ್ದರೆ, ಬೆಳಗ್ಗೆ ನೀವು ಕಂಡಿದ್ದು ಊರಿನ ಗುಣವಲ್ಲ, ಸ್ಟಾಪಿನ ಗುಣ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಆ ಸ್ಟಾಪು ಬಂದೊಡನೆ ನಿಮ್ಮ ಕಣ್ಣು ಚುರುಕಾಗುತ್ತದೆ, ಅವರನ್ನೇ ಹುಡುಕಿ ಕೇಳುತ್ತೀರಿ. ಆದ್ದರಿಂದ ಸಿಕ್ಕಿಬೀಳುವವರೂ ಅವರೇ. ಬೇರೆ ಊರಿನವನು ಸುಮ್ಮನೆ ಇಳಿದುಹೋದರೆ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ, ನಿಮ್ಮ ಲೆಕ್ಕಕ್ಕೂ ಸೇರುವುದಿಲ್ಲ. ಹೀಗೆ ನಮ್ಮ ಅನುಮಾನ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಒದಗಿಸಿಕೊಳ್ಳುತ್ತದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಇಡೀ ಇಡೀ ಸಮುದಾಯಗಳ ಮೇಲೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಅವರ ಹೆಸರು ದಾಖಲಾಯಿತು, ಓಡಾಟಕ್ಕೆ ನಿರ್ಬಂಧ ಬಂತು, ಪೊಲೀಸರ ಮುಂದೆ ಹಾಜರಿ ಹಾಕಬೇಕಾಯಿತು. ಹಗಲೂ ರಾತ್ರಿ ಕಾವಲಿನಲ್ಲಿಟ್ಟವರಲ್ಲಿ ತಪ್ಪು ಸಿಗುವುದು ಸುಲಭ, ಸಿಕ್ಕ ತಪ್ಪನ್ನು ಕಾವಲಿಗೇ ಸಮರ್ಥನೆಯಾಗಿ ತೋರಿಸುವುದು ಇನ್ನೂ ಸುಲಭ. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಊರಿನಲ್ಲಿ ಕಳವಾದರೆ ಮೊದಲು ಅಲೆಮಾರಿಗಳ ಬಿಡಾರದ ಕಡೆ ಬೆರಳು ತೋರಿಸುವ ಚಾಳಿ ಇಂದಿಗೂ ರದ್ದಾಗಿಲ್ಲ. ನಿಮ್ಮ ಪತ್ರದ ಒಂದು ಸಾಲಿಗೆ ಇಷ್ಟು ದೊಡ್ಡ ಚರಿತ್ರೆ ಎಳೆದು ತಂದೆನೆಂದು ಬೇಸರಪಡಬೇಡಿ. ಜನರ ವರ್ತನೆಯನ್ನು ಗಮನಿಸುವ ಪ್ರತಿಯೊಬ್ಬರೂ ಈ ಅಂಚಿನ ಮೇಲೇ ನಡೆಯುತ್ತಿರುತ್ತೇವೆ. ಒಂದು ಊರು, ಒಂದು ಜಾತಿ, ಒಂದು ಧರ್ಮದ ಹೆಸರು ಬಂದ ಕೂಡಲೇ ನಿಂತು, ನಾನು ಉಳಿದವರನ್ನೂ ಇಷ್ಟೇ ಹುಡುಕಿದ್ದೇನೆಯೇ ಎಂದು ಕೇಳಿಕೊಳ್ಳಬೇಕು.

ನಿಂತ ಜಾಗದಿಂದ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಿಮ್ಮ ಬಸ್ಸಿನಿಂದಲೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಒಂದು ಟ್ರಿಪ್ಪಿನಲ್ಲಿ 60 ಜನ, ಇನ್ನೊಂದರಲ್ಲಿ 10 ಜನ ಇದ್ದರೆನ್ನಿ. ನಿಮ್ಮ ಲೆಕ್ಕದಲ್ಲಿ ಟ್ರಿಪ್ಪಿಗೆ ಸರಾಸರಿ 35 ಜನ. ಬಸ್ಸು ಹೇಗಿತ್ತೆಂದು ಆ 70 ಜನರನ್ನು ಕೇಳಿದರೆ 60 ಮಂದಿ 'ಕಾಲಿಡಲು ಜಾಗವಿರಲಿಲ್ಲ' ಎನ್ನುತ್ತಾರೆ. ನೀವೂ ಸುಳ್ಳು ಹೇಳುತ್ತಿಲ್ಲ, ಅವರೂ ಹೇಳುತ್ತಿಲ್ಲ. ಬಸ್ಸು ಖಾಲಿ ಓಡುತ್ತಿದೆ ಎಂದು ಡಿಪೋ ಹೇಳುವುದೂ, ಬಸ್ಸು ಸಾಲುತ್ತಿಲ್ಲ ಎಂದು ಊರು ಹೇಳುವುದೂ ಒಟ್ಟೊಟ್ಟಿಗೆ ನಿಜವಾಗಿರಲು ಸಾಧ್ಯ.

ಅಮಾವಾಸ್ಯೆಯ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ನಾನೂ ನಿಮ್ಮ ಜೊತೆಯವರಂತೆ ಪ್ರಶ್ನೆಯ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಎಣಿಸಿ ನೋಡೋಣ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ, ವರ್ಷಕ್ಕೆ 12 ಅಥವಾ 13 ಅಮಾವಾಸ್ಯೆ. ನಿಮ್ಮ ಬಸ್ಸು ವರ್ಷಕ್ಕೆ 30 ಸಲ ಕೆಡುತ್ತದೆ ಎಂದಿಟ್ಟುಕೊಂಡರೆ, ಚಂದ್ರನಿಗೂ ಬಸ್ಸಿಗೂ ಏನೂ ಸಂಬಂಧವಿಲ್ಲದಿದ್ದರೂ ಅದರಲ್ಲಿ ಒಂದು ಸಲ ಅಮಾವಾಸ್ಯೆಗೆ ತಾನಾಗಿಯೇ ಬೀಳುತ್ತದೆ. ಆ ಒಂದು ನೆನಪಿನಲ್ಲಿ ಉಳಿಯುತ್ತದೆ, ಏಕೆಂದರೆ ಬೆಳಗ್ಗೆ ಹೊರಡುವಾಗಲೇ ಮನೆಯಲ್ಲಿ 'ಇವತ್ತು ಅಮಾಸೆ, ಹುಷಾರು' ಎಂದಿರುತ್ತಾರೆ. ಬಿದಿಗೆಯಂದು ಕೆಟ್ಟರೆ ತಿಥಿ ಯಾರೂ ನೋಡುವುದಿಲ್ಲ. ಅಮಾವಾಸ್ಯೆಯಂದು ಕೆಡದೆ ಓಡಿದರೆ ಅದೊಂದು ಸುದ್ದಿಯೇ ಅಲ್ಲ.

ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಹಾಕಿ: ಅಮಾವಾಸ್ಯೆ, ಕೆಟ್ಟಿತು. ಅಮಾವಾಸ್ಯೆ, ಕೆಡಲಿಲ್ಲ. ಬೇರೆ ದಿನ, ಕೆಟ್ಟಿತು. ಬೇರೆ ದಿನ, ಕೆಡಲಿಲ್ಲ. ನೆನಪು ತುಂಬುವುದು ಮೊದಲನೆಯ ಮನೆಯನ್ನು ಮಾತ್ರ. ಉಳಿದ ಮೂರನ್ನು ಕೈಯಿಂದಲೇ ತುಂಬಬೇಕು. ಹಳೆಯ ದಿನಗಳಿಗೆ ನಿಮ್ಮ ಡಿಪೋದ ದಾಖಲೆಯೂ ಪಂಚಾಂಗವೂ ಸಾಕು. ಲೆಕ್ಕ ಹಾಕಿದ ಮೇಲೂ ಅಮಾವಾಸ್ಯೆಯ ತೂಕ ಹೆಚ್ಚಾಗಿ ಬಂತು ಎನ್ನಿ. ಆಗಲೂ ಚಂದ್ರನ ಕಡೆ ತಿರುಗುವ ಮುಂಚೆ ರಸ್ತೆಯ ಕಡೆ ನೋಡಿ. ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಎಷ್ಟು ಜನ ಹೋಗುತ್ತಾರೆಂದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ. ಆ ದಿನ ನಿಮ್ಮ ಬಸ್ಸಿಗೂ ಬೆಟ್ಟದ ಟ್ರಿಪ್ ಬಿದ್ದಿತ್ತೇ? ಎಷ್ಟು ಜನ ತುಂಬಿದ್ದರು? ಘಾಟಿ ಎಷ್ಟು ಸಲ ಹತ್ತಿಳಿಯಿತು? ನೀವು ಕಂಡ ಸಂಬಂಧ ನಿಜವಿರಬಹುದು, ಅದರ ಕಾರಣ ಮಾತ್ರ ಬೇರೆ ಇರಬಹುದು. ಇಂಥ ಜಾಗದಲ್ಲಿ ನಂಬುವವರೂ ನಗುವವರೂ ಇಬ್ಬರೂ ಬಹಳ ಬೇಗ ತೀರ್ಪು ಕೊಟ್ಟುಬಿಡುತ್ತಾರೆ.

ಜನರನ್ನೇ ಕೇಳಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಕೇಳಿ, ಆದರೆ ಉತ್ತರವೊಂದನ್ನೇ ನೆಚ್ಚಬೇಡಿ. ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಡಿಯೊಂದರ ಮೇಜಿನ ಮೇಲೆ ನಾಲ್ಕು ಜೊತೆ ಕಾಲುಚೀಲ ಇಟ್ಟು ಯಾವುದು ಚೆನ್ನಾಗಿದೆ ಎಂದು ಕೇಳಿದ್ದರು. ನಾಲ್ಕೂ ಒಂದೇ ಬಗೆಯವು. ಬಲತುದಿಯದನ್ನು ನೂರಕ್ಕೆ 40 ಮಂದಿ ಆರಿಸಿದರು, ಎಡತುದಿಯದನ್ನು 12. ಕಾರಣ ಕೇಳಿದಾಗ ಯಾರೂ ತಾವಾಗಿ ಇಟ್ಟ ಜಾಗದ ಹೆಸರೆತ್ತಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ತಮ್ಮ ಕೈ ಯಾಕೆ ಅತ್ತ ಹೋಯಿತೆಂಬುದು ಅವರಿಗೇ ತಿಳಿದಿರಲಿಲ್ಲ. ಹಾಗಾಗಿ ಮಾತನ್ನೂ ಕೇಳಬೇಕು, ಕೈಯನ್ನೂ ನೋಡಬೇಕು.

ಈ ಕೆಲಸಕ್ಕೆ ದೊಡ್ಡ ಓದು ಬೇಕೇ ಎಂದು ಪತ್ರದ ಕೊನೆಯಲ್ಲಿ ಸಂಕೋಚದಿಂದ ಕೇಳಿದ್ದೀರಿ. ನಿಮಗೆ ಹತ್ತಿರದ ಒಬ್ಬರ ಹೆಸರು ಹೇಳುತ್ತೇನೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಓದಿದವರು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿ, ಅಲ್ಲಿನ ಜನರ ದಿನನಿತ್ಯವನ್ನು ನೋಡಿ ಬರೆದುಕೊಂಡರು. ಯಾರು ಯಾರ ಮಾತಿಗೆ ತಲೆಬಾಗುತ್ತಾರೆ, ಜಗಳ ಯಾರ ಮುಂದೆ ಹೋಗುತ್ತದೆ ಎಂಬುದನ್ನು ಗಮನಿಸಿಯೇ, ಊರಿನ ಮೇಲೆ ಹಿಡಿತವಿರುವ ಜಾತಿ ಹೇಗೆ ನಡೆದುಕೊಳ್ಳುತ್ತದೆ ಎಂದು ವಿವರಿಸಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟಾಗ, ಅವರು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ಆ ಹಳ್ಳಿಯ ಬಗ್ಗೆ ಅವರು ನೆನಪಿನಿಂದಲೇ ಇಡೀ ಪುಸ್ತಕ ಬರೆದರು. ಅಷ್ಟು ನೆನಪು ಉಳಿದದ್ದು ಅವರು ಆ ಜನರ ನಡುವೆ ಬಾಳಿದ್ದರಿಂದ, ಅವರನ್ನು ಮೆಚ್ಚಿಕೊಂಡದ್ದರಿಂದ ಎಂದು ನಾನು ನಂಬಿದ್ದೇನೆ. ಆಕ್ಸ್‌ಫರ್ಡು ನಿಮಗೆ ಸಿಕ್ಕಿಲ್ಲ. ಜನರ ನಡುವಿನ ಬಾಳು ದಿನಕ್ಕೆ ಹಲವು ಟ್ರಿಪ್ ಸಿಗುತ್ತಿದೆ.

ಪ್ರಶ್ನಿಸುವುದೆಂದರೆ ಬರೀ ಯೋಚಿಸುವುದಲ್ಲ, ಒಂದು ಕಡೆ ಸಣ್ಣದಾಗಿ ಬದಲಿಸಿ ನೋಡುವುದೂ ಹೌದು. ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ, ಕೂತವರನ್ನು ಕಾರಣ ಹೇಳದೆ 'ನಿಮ್ಮ ಸೀಟು ಕೊಡುತ್ತೀರಾ' ಎಂದು ಕೇಳಲು ತಮ್ಮ ವಿದ್ಯಾರ್ಥಿಗಳನ್ನು ಕಳುಹಿಸಿದ್ದರು. ಹೆಚ್ಚು ಜನ ಕೊಡಲಾರರು ಎಂದುಕೊಂಡಿದ್ದರೆ, ನೂರಕ್ಕೆ 68 ಮಂದಿ ಎದ್ದುಕೊಟ್ಟರು ಅಥವಾ ಸರಿದು ಜಾಗ ಮಾಡಿಕೊಟ್ಟರು. ಕಷ್ಟವಾದದ್ದು ಕೇಳುವವರಿಗೆ. ಮಿಲ್‌ಗ್ರಾಂ ತಾವೇ ಕೇಳಲು ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ರೂಢಿ ಎಷ್ಟು ಗಟ್ಟಿ ಎಂದು ಗೊತ್ತಾಗುವುದು ಅದನ್ನು ಮುಟ್ಟಿದಾಗಲೇ.

ನಿಮ್ಮ ಬಾಗಿಲಿನಲ್ಲಿ ಇದನ್ನು ಮಾಡಿ ನೋಡಿ. ಒಂದು ವಾರ ಎಂದಿನಂತೆ 'ಒಳಗೆ ಹೋಗಿ' ಎಂದಷ್ಟೇ ಹೇಳಿ. ಮರುವಾರ ಅದೇ ಟ್ರಿಪ್ಪಿನಲ್ಲಿ, 'ಒಳಗೆ ಹೋಗ್ರಪ್ಪ, ನಿಮ್ಮ ಸ್ಟಾಪು ಬಂದಾಗ ನಾನೇ ಕೂಗ್ತೀನಿ, ಎಲ್ಲರೂ ಇಳಿಯೋ ತನಕ ರೈಟ್ ಹೇಳಲ್ಲ' ಎಂದು ಹೇಳಿ, ಹೇಳಿದ ಹಾಗೆಯೇ ನಡೆದುಕೊಳ್ಳಿ. ಎರಡೂ ವಾರ ಒಂದೇ ಸ್ಟಾಪಿನಲ್ಲಿ, ಮೊದಲ ಸೀಟಿನ ಸಾಲು ದಾಟಿ ಎಷ್ಟು ಜನ ಒಳಗೆ ನಿಂತಿದ್ದಾರೆ, ಎಷ್ಟು ಜನ ಬಾಗಿಲಲ್ಲಿದ್ದಾರೆ ಎಂದು ಎಣಿಸಿ ಬರೆದಿಡಿ. ಮಳೆ ಬಂದ ದಿನ, ಸಂತೆಯ ದಿನ ಬೇರೆ ಗುರುತು ಹಾಕಿ. ಮೊದಲೆರಡು ದಿನ ಯಾರೂ ನಂಬದೇ ಇರಬಹುದು, ಅದನ್ನೂ ಬರೆಯಿರಿ. ಲೆಕ್ಕವನ್ನು ನಮಗೆ ಕಳುಹಿಸಿ. ನಾನು ಅಂದುಕೊಂಡಂತೆ ಆಗದೆ, ಎರಡನೇ ವಾರವೂ ಎಲ್ಲರೂ ಬಾಗಿಲಲ್ಲೇ ನಿಂತಿದ್ದರೆ ಆ ಲೆಕ್ಕವನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

ನಿಮ್ಮ,
ಸಂಪಾದಕ